ಬ್ರಷ್ ಊದಿದ್ದಕ್ಕೆ ನಾನು ಫೇಲ್

ಕಳೆದ ಸಂಚಿಕೆಯಲ್ಲಿ ಎಣ್ಣೆ ಮುಖಕ್ಕೆ ಮೇಕಪ್‌ನ ಬೇಸ್ ಹಚ್ಚುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಎಣ್ಣೆ ಮುಖದ ಮಾತೇ ಕಡಿಮೆ. "ನಾನೂ ಮೇಕಪ್ ಕೆಲಸಕ್ಕೆ ಬರಬೇಕು ಅಂತಿದ್ದೀನಿ, ಎಲ್ಲಿ ಕಲಿಯಲಿ, ಲೈಸೆನ್ಸ್ ಬೇಕಾ" ಅನ್ನುವವರೇ ಜಾಸ್ತಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ನಾನು ಈ ಕೆಲಸಕ್ಕೆ ಬಂದು 24 ವರ್ಷ ಆಯಿತು. ನಾನು ಬಂದಾಗ ಇದನ್ನೆಲ್ಲ ಕೇಳೋಣ ಅಂದರೆ ಯಾರೂ ಇರಲಿಲ್ಲ. ನನ್ನ ಗುರುಗಳನ್ನು ಕೇಳಿದರೆ "ಮೊದಲು ಬ್ರಷ್ ತೊಳಿ" ಅನ್ನುತ್ತಿದ್ದರು.

ಪ್ರಶ್ನೆ: ಅಕ್ಕಾ, ನಾನು ಐದು ದಿನದ ಮೇಕಪ್ ವರ್ಕ್‌ಶಾಪ್ ಮುಗಿಸಿದ್ದೇನೆ. ಚಂದದ ಫ್ರೇಮ್ ಹಾಕಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅದರಲ್ಲಿ 'ಪ್ರೊಫೆಷನಲ್ ಮೇಕಪ್ ಆರ್ಟಿಸ್ಟ್' ಅಂತ ನನ್ನ ಹೆಸರಿನ ಕೆಳಗೇ ಬರೆದಿದೆ. ಇದೇ ಲೈಸೆನ್ಸಾ? ಇನ್ನು ದುಡ್ಡು ತಗೊಂಡು ಮೇಕಪ್ ಮಾಡಬಹುದಾ?

ಉತ್ತರ: ಫ್ರೇಮ್ ಗೋಡೆಗೆ ಹಾಕಿಕೊಳ್ಳಿ, ತಪ್ಪಿಲ್ಲ. ಆದರೆ ಅದು ಲೈಸೆನ್ಸ್ ಅಲ್ಲ.

ಈ ಕೆಲಸದಲ್ಲಿ ನಾಲ್ಕು ಥರದ ಕಾಗದ ಓಡಾಡುತ್ತವೆ. ನಾಲ್ಕನ್ನೂ ಜನ 'ಲೈಸೆನ್ಸ್' ಅಂತಲೇ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಸರ್ಟಿಫಿಕೇಟ್ ಕೊಡುವುದು ಕಲಿಸಿದವರು. 'ಇವಳು ನಮ್ಮ ಹತ್ತಿರ ಇಷ್ಟು ದಿನ ಬಂದಿದ್ದಳು' ಅನ್ನುವುದಷ್ಟೇ ಅದರ ಅರ್ಥ. ಲೈಸೆನ್ಸ್ ಕೊಡುವುದು ಸರ್ಕಾರ ಅಥವಾ ಸರ್ಕಾರ ನೇಮಿಸಿದ ಮಂಡಳಿ. ಅದು ಇದ್ದರೆ ಮಾತ್ರ ದುಡ್ಡು ತೆಗೆದುಕೊಂಡು ಇನ್ನೊಬ್ಬರ ಮುಖ ಮುಟ್ಟಬಹುದು ಅನ್ನುವ ಊರುಗಳಿವೆ. ಮೂರನೆಯದು ಸಂಘದ ಕಾರ್ಡ್. ಸಿನಿಮಾ, ನಾಟಕದ ಕಡೆ ಹೋಗುವವರಿಗೆ ಇದು ಎದುರಾಗುತ್ತದೆ. ನಾಲ್ಕನೆಯದು ಜಾಗದ ಅನುಮತಿ. ಅಂಗಡಿ ಬಾಗಿಲು ತೆರೆಯುವುದಕ್ಕೆ ಸ್ಥಳೀಯ ಆಡಳಿತ ಕೊಡುವ ಪತ್ರ ಅದು. ನಿಮ್ಮ ಕೈಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ.

ಯಾವುದು ಬೇಕು ಅನ್ನುವುದು ನೀವು ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಬಹಳ ಕಡೆ ಮೇಕಪ್‌ಗೆ ಅಂತಲೇ ಬೇರೆ ಲೈಸೆನ್ಸ್ ಇಲ್ಲ. ಕಾಸ್ಮೆಟಾಲಜಿ (ಕೂದಲು, ಚರ್ಮ, ಉಗುರು ಎಲ್ಲದರ ಕೆಲಸ) ಅಥವಾ ಎಸ್ಥೆಟಿಷಿಯನ್ (ಚರ್ಮದ ಆರೈಕೆ ಮಾಡುವವರು) ಲೈಸೆನ್ಸ್ ಒಳಗೇ ಮೇಕಪ್ಪೂ ಸೇರಿದೆ. ಕ್ಯಾಲಿಫೋರ್ನಿಯಾದಲ್ಲಿ ಕಾಸ್ಮೆಟಾಲಜಿಗೆ ಮೊದಲು 1600 ಗಂಟೆ ತರಬೇತಿ ಬೇಕಿತ್ತು, 2022ರಿಂದ 1000 ಗಂಟೆ ಮಾಡಿದ್ದಾರೆ. ಎಸ್ಥೆಟಿಷಿಯನ್‌ಗೆ 600 ಗಂಟೆ. ಇದಕ್ಕೆ ತದ್ವಿರುದ್ಧ ಫ್ಲಾರಿಡಾ. 2020ರಲ್ಲಿ ಅಲ್ಲಿ ಬರೀ ಮೇಕಪ್ ಹಚ್ಚುವವರನ್ನು ಲೈಸೆನ್ಸಿನಿಂದ ಹೊರಗೆ ಬಿಟ್ಟರು. ಬ್ರಿಟನ್‌ನಲ್ಲಿ ಮೇಕಪ್ ಹಚ್ಚುವುದಕ್ಕೆ ಸರ್ಕಾರಿ ಲೈಸೆನ್ಸ್ ಕಡ್ಡಾಯ ಅಲ್ಲ, ಆದರೆ ವಿಮೆ ಮಾಡಿಸಲು ಹೋದರೆ ಮಾನ್ಯತೆ ಇರುವ ಸರ್ಟಿಫಿಕೇಟ್ ತೋರಿಸಿ ಅನ್ನುತ್ತಾರೆ. ಭಾರತದಲ್ಲೂ ವ್ಯಕ್ತಿಗೆ ಅಂತ ಲೈಸೆನ್ಸ್ ಇಲ್ಲ. ಕೌಶಲ ತರಬೇತಿಯ ಸರ್ಟಿಫಿಕೇಟ್ ಇದೆ, ಸಲೂನ್ ಇಟ್ಟರೆ ಆ ಜಾಗಕ್ಕೆ ಟ್ರೇಡ್ ಲೈಸೆನ್ಸ್ ಬೇಕು.

ಇನ್ನೊಂದು ವಿಷಯ. ಒಂದು ಕಡೆಯ ಲೈಸೆನ್ಸ್ ಇನ್ನೊಂದು ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಮದುವೆಯಾಗಿ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ, ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ಅಲ್ಲಿನ ನಿಯಮ ಓದಿ. ಓದಬೇಕಾದದ್ದು ಆ ಸರ್ಕಾರದ ಪುಟ, ಶಾಲೆಯವರು ಹಂಚುವ ಬಣ್ಣದ ಪುಸ್ತಕ ಅಲ್ಲ. ಹೊರದೇಶದ ಕೆಲಸದ ಆಸೆ ಇರುವವರು ಸಿಡೆಸ್ಕೋ ಹೆಸರು ಕೇಳಿರುತ್ತೀರಿ. 1946ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಅದು, ಅದರ ಡಿಪ್ಲೊಮಾಗೆ ಬಹಳ ದೇಶಗಳಲ್ಲಿ ಬೆಲೆ ಇದೆ. ಆದರೆ ಅದೂ ಡಿಪ್ಲೊಮಾನೇ. ಲೈಸೆನ್ಸ್ ಬೇಕೇ ಬೇಕು ಅನ್ನುವ ಕಡೆ ಅದು ಲೈಸೆನ್ಸಿನ ಜಾಗದಲ್ಲಿ ಕೂರುವುದಿಲ್ಲ.

ಇನ್ನು ನಿಮ್ಮ ಐದು ದಿನ. ದಿನಕ್ಕೆ ಏಳು ಗಂಟೆ ಅಂದರೂ 35 ಗಂಟೆ ಆಯಿತು. ಅದರಲ್ಲಿ ನೋಡಿದ್ದು ಎಷ್ಟು, ನಿಮ್ಮ ಕೈಯಲ್ಲಿ ಬ್ರಷ್ ಇದ್ದದ್ದು ಎಷ್ಟು? ಲೆಕ್ಕ ಹಾಕಿ ನೋಡಿ. ನಿಮ್ಮನ್ನು ಹೀಯಾಳಿಸುತ್ತಿಲ್ಲ ತಂಗಿ. ಕೈ ಪಳಗುವುದಕ್ಕೆ ಇನ್ನೂ ಎಷ್ಟು ಬಾಕಿ ಇದೆ ಅಂತ ನಿಮಗೇ ಗೊತ್ತಾಗಲಿ ಅಂತ ಹೇಳಿದೆ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಪ್ರಾಕ್ಟಿಕಲ್ ಪರೀಕ್ಷೆ. ಕಣ್ಣಿನ ಮೇಕಪ್‌ನಲ್ಲಿ ನಮ್ಮ ಬ್ಯಾಚಿಗೇ ನಾನು ಮುಂದೆ. ಆದರೂ ಎದೆ ಢವಢವ ಅನ್ನುತ್ತಿದೆ. ಪರೀಕ್ಷಕರು ಏನು ನೋಡುತ್ತಾರೆ ಮೇಡಂ?

ಉತ್ತರ: ಕೈ ನೋಡುತ್ತಾರೆ. ಕಣ್ಣು ಆಮೇಲೆ.

ನನ್ನ ಕಥೆ ಹೇಳುತ್ತೇನೆ. ನನ್ನ ಮೊದಲ ಪ್ರಾಕ್ಟಿಕಲ್ ಪರೀಕ್ಷೆಗೆ ಗೆಳತಿಯನ್ನೇ ಮಾಡೆಲ್ ಮಾಡಿಕೊಂಡು ಹೋಗಿದ್ದೆ. ನಾನೂ ನಿಮ್ಮ ಹಾಗೆಯೇ, ಬ್ಯಾಚಿಗೆ ಮುಂದೆ. ಪರೀಕ್ಷಕರು ವಯಸ್ಸಾದ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದರು. ಒಂದೂವರೆ ಗಂಟೆಯಲ್ಲಿ ಅವರು ನನ್ನ ಮಾಡೆಲ್ ಮುಖದ ಹತ್ತಿರ ಬಂದದ್ದು ಎರಡೇ ಸಲ. ಉಳಿದ ಹೊತ್ತೆಲ್ಲ ನನ್ನ ಮೇಜಿನ ಪಕ್ಕ ನಿಂತು ಕೈಯನ್ನೇ ನೋಡುತ್ತಿದ್ದರು. ಬೇಸ್ ಆಯಿತು, ಕಲೆ ಮುಚ್ಚುವ ಕನ್ಸೀಲರ್ ಆಯಿತು. ದೊಡ್ಡ ಬ್ರಷ್ಷನ್ನು ಪೌಡರಿಗೆ ಅದ್ದಿದೆ. ಜಾಸ್ತಿ ಅಂಟಿಕೊಂಡಿತ್ತು. ಯೋಚನೆಯೇ ಮಾಡದೆ ಬಾಯಿ ಹತ್ತಿರ ತಂದು 'ಫೂ' ಅಂತ ಊದಿ, ಗೆಳತಿಯ ಕೆನ್ನೆಗೆ ಸವರಿದೆ. ಅವರು ಕನ್ನಡಕ ಏರಿಸಿಕೊಂಡು ಹಾಳೆಯಲ್ಲಿ ಏನೋ ಗೀಚಿದರು. ಮೆಚ್ಚಿ ಬರೆದುಕೊಂಡರು ಅಂತಲೇ ನಾನು ಅಂದುಕೊಂಡೆ!

ರಿಸಲ್ಟ್ ಬಂದಾಗ ಸ್ವಚ್ಛತೆಯ ವಿಭಾಗದಲ್ಲಿ ಫೇಲ್. ಆ ವಿಭಾಗ ಹೋದರೆ ಪರೀಕ್ಷೆಯೇ ಹೋದ ಹಾಗೆ. ಅಳುಮೋರೆ ಹಾಕಿಕೊಂಡು ಅವರ ಹತ್ತಿರ ಹೋದೆ. "ಮೇಕಪ್ ಚೆನ್ನಾಗಿದೆಯಮ್ಮಾ" ಅಂದರು. "ಅದರ ಮೇಲೆ ನಿನ್ನ ಎಂಜಲೂ ಇದೆ."

ಎರಡು ತಿಂಗಳು ಬಿಟ್ಟು ಮತ್ತೆ ಬರೆದೆ. ಆ ಎರಡು ತಿಂಗಳು ಮೇಕಪ್ ಅಭ್ಯಾಸ ಮಾಡಲೇ ಇಲ್ಲ. ಬ್ರಷ್ಷನ್ನು ಟಿಶ್ಯೂ ಮೇಲೆ ತಟ್ಟುವುದು ಅಭ್ಯಾಸ ಮಾಡಿದೆ. ತಮಾಷೆ ಅಲ್ಲ. ಊದುವುದು ಬಾಯಿಗೆ ಅಂಟಿದ ಚಟ, ಅದನ್ನು ಬಿಡಿಸುವುದು ಸುಲಭ ಇಲ್ಲ.

ನೀವು ಮೇಜು ಜೋಡಿಸುವುದರಿಂದಲೇ ಅಂಕ ಶುರು. ಪರೀಕ್ಷಕರ ಕಣ್ಣೆದುರೇ ಕೈ ತೊಳೆಯಿರಿ. ಕ್ರೀಮು, ಫೌಂಡೇಶನ್, ಲಿಪ್‌ಸ್ಟಿಕ್ ಯಾವುದನ್ನೂ ಡಬ್ಬಿಯಿಂದ ನೇರವಾಗಿ ಮುಖಕ್ಕೆ ಒಯ್ಯಬೇಡಿ. ಸ್ಪ್ಯಾಚುಲಾದಿಂದ (ಚಪ್ಪಟೆ ಕಡ್ಡಿ) ಕೆರೆದು ಸ್ಟೀಲ್ ಪ್ಯಾಲೆಟ್ ಮೇಲೆ ಹಾಕಿ, ಅಲ್ಲಿಂದ ಬ್ರಷ್‌ಗೆ ತೆಗೆದುಕೊಳ್ಳಿ. ಮಸ್ಕಾರಾಗೆ ಬಳಸಿ ಬಿಸಾಡುವ ಕಡ್ಡಿ. ಒಂದು ಕಡ್ಡಿ ಒಂದೇ ಅದ್ದು. ಸಾಲದೇ ಹೋದರೆ ಹೊಸ ಕಡ್ಡಿ, ಅದನ್ನೇ ಮತ್ತೆ ಟ್ಯೂಬಿಗೆ ಹಾಕಿದಿರೋ ಕಥೆ ಮುಗಿಯಿತು. ಕಾಜಲ್ ಪೆನ್ಸಿಲ್ ಬಳಸುವ ಮೊದಲೂ ಕೆತ್ತಬೇಕು, ಬಳಸಿದ ಮೇಲೂ ಕೆತ್ತಬೇಕು. ಬ್ರಷ್ ಕೆಳಗೆ ಬಿದ್ದರೆ ಗಾಬರಿಯಾಗಿ ಎತ್ತಿ ಒರೆಸಿ ಮುಂದುವರಿಸಬೇಡಿ. 'ಬಳಸಿದ್ದು' ಅಂತ ಬರೆದ ಡಬ್ಬಿಗೆ ಹಾಕಿ, ಇನ್ನೊಂದು ತೆಗೆದುಕೊಳ್ಳಿ. ಹಾಗೆ ಮಾಡಿದವರಿಗೆ ಅಂಕ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಬರೆಯುವ ಪರೀಕ್ಷೆಯಲ್ಲಿ ಎಲ್ಲರನ್ನೂ ಬೀಳಿಸುವ ಪ್ರಶ್ನೆ ಒಂದಿದೆ. ಕ್ರಿಮಿ ಕೊಲ್ಲುವುದಕ್ಕೆ 70 ಪರ್ಸೆಂಟ್ ಆಲ್ಕೋಹಾಲ್ ಒಳ್ಳೆಯದೋ, 99 ಪರ್ಸೆಂಟೋ? ಜಾಸ್ತಿ ಇದ್ದರೆ ಒಳ್ಳೆಯದು ಅಂತ ಎಲ್ಲರೂ 99ಕ್ಕೆ ಟಿಕ್ ಹಾಕುತ್ತಾರೆ. ಸರಿ ಉತ್ತರ 70. ಅಚ್ಚ ಆಲ್ಕೋಹಾಲ್ ಕ್ಷಣದಲ್ಲಿ ಆರಿಹೋಗುತ್ತದೆ. ನೀರು ಬೆರೆತಿದ್ದರೆ ನಿಧಾನ ಆರುತ್ತದೆ, ಕ್ರಿಮಿಯ ಒಳಗಿನ ಪ್ರೋಟೀನ್ ಕೆಡಿಸಲು ಅದಕ್ಕೆ ನೀರೂ ಬೇಕು. ಹಾಗೆಯೇ 'ತೊಳೆಯುವುದು' ಬೇರೆ, 'ಕ್ರಿಮಿ ಕೊಲ್ಲುವುದು' ಬೇರೆ. ಪ್ಲಕ್ಕರ್‌ಗೆ ಕ್ರೀಮು ಮೆತ್ತಿಕೊಂಡಿರುವಾಗಲೇ ಅದನ್ನು ಔಷಧಿ ನೀರಿಗೆ ಹಾಕಿದರೆ ಪ್ರಯೋಜನ ಇಲ್ಲ. ಮೊದಲು ಸೋಪು, ಆಮೇಲೆ ಔಷಧಿ. ಸಲೂನ್‌ಗಳಲ್ಲಿ ಗಾಜಿನ ಜಾಡಿಯಲ್ಲಿ ನೀಲಿ ನೀರು ಇಟ್ಟಿರುತ್ತಾರೆ, ನೋಡಿದ್ದೀರಲ್ವಾ? ಅದರ ಪೈಕಿ ಬಾರ್ಬಿಸೈಡ್ ಅನ್ನುವುದು 1947ರಿಂದ ಇದೆ. ಅದರಲ್ಲಿ ಸಾಮಾನು ಪೂರ್ತಿ ಮುಳುಗಿ 10 ನಿಮಿಷ ಇರಬೇಕು. ಸುಮ್ನೆ ಅದ್ದಿ ತೆಗೆದರೆ ನೀಲಿ ಬಣ್ಣ ನೋಡಿದ ಸಮಾಧಾನ ಅಷ್ಟೆ.

ಕೊನೆಗೆ ಒಂದು. ಮಾಡೆಲ್ ತುಟಿಯ ಮೇಲೆ ಜ್ವರದ ಗುಳ್ಳೆ ಇದ್ದರೆ, ಕಣ್ಣು ಕೆಂಪಾಗಿ ಅಂಟುತ್ತಿದ್ದರೆ 'ಇವತ್ತು ಮಾಡುವುದಿಲ್ಲ' ಅಂತ ಹೇಳುವುದೂ ಪರೀಕ್ಷೆಯ ಭಾಗವೇ. ಹಿಂದಿನ ದಿನವೇ ಮಾಡೆಲ್ ಮುಖ ನೋಡಿಕೊಳ್ಳಿ. ಇನ್ನೊಬ್ಬರಿಗೂ ಹೇಳಿಟ್ಟಿರಿ.

ಪ್ರಶ್ನೆ: ಎರಡು ಕಡೆ ವಿಚಾರಿಸಿದೆ. ಒಂದು ಕಡೆ ದೊಡ್ಡ ಮೇಕಪ್ ಕಿಟ್ ಫ್ರೀ ಅಂತಾರೆ, ತರಗತಿ ಒಂದು ತಿಂಗಳು. ಇನ್ನೊಂದು ಕಡೆ ಕಿಟ್ ಇಲ್ಲ, ಆರು ತಿಂಗಳು. ಮನೆಯಲ್ಲಿ ಕಿಟ್ ಇರುವ ಕಡೆಗೇ ಹೋಗು ಅಂತಿದ್ದಾರೆ. ಆನ್‌ಲೈನಿನಲ್ಲಿ ಕಲಿತರೆ ಇನ್ನೂ ಕಡಿಮೆ ಆಗುತ್ತದಂತೆ. ಏನು ಮಾಡಲಿ?

ಉತ್ತರ: ಫ್ರೀ ಅನ್ನುವ ಕಿಟ್‌ನ ದುಡ್ಡು ಫೀಸಿನ ಒಳಗೇ ಇರುತ್ತದೆ, ಅದು ಮನೆಯವರಿಗೂ ಗೊತ್ತಿರಲಿ. ಆ ಕಿಟ್ ಒಂದು ಸಲ ತೆರೆದು ತೋರಿಸಿ ಅಂತ ಕೇಳಿ. ಫೌಂಡೇಶನ್ ಎಷ್ಟು ಶೇಡ್ ಇದೆ ನೋಡಿ. ಐಶ್ಯಾಡೋ 80 ಬಣ್ಣ ಇದ್ದು ಫೌಂಡೇಶನ್ ಎರಡೇ ಇದ್ದರೆ ಅದು ಆಟಿಕೆ. ಕೆಲಸಕ್ಕೆ ಹೋದ ಮೇಲೆ ಹಸಿರು ಐಶ್ಯಾಡೋ ವರ್ಷಕ್ಕೊಮ್ಮೆ ಬೇಕಾಗಬಹುದು. ಮುಖದ ಬಣ್ಣ ದಿನಾ ಬೇಕು.

ನಾನಾಗಿದ್ದರೆ ಎರಡೂ ಕಡೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಕೋರ್ಸ್ ಮುಗಿಯುವಷ್ಟರಲ್ಲಿ ನಾನು ಎಷ್ಟು ಮುಖ ಮುಟ್ಟಿರುತ್ತೇನೆ? ಎಷ್ಟು ಲುಕ್ ಕಲಿಸುತ್ತೀರಿ ಅಂತ ಕೇಳಬೇಡಿ. ಅದಕ್ಕೆ ಅವರ ಹತ್ತಿರ ಪಟ್ಟಿ ರೆಡಿ ಇರುತ್ತದೆ. ಮುಖದ ಲೆಕ್ಕ ಕೇಳಿದಾಗ ತಡವರಿಸಿದರೆ ಬಾಗಿಲ ಕಡೆ ನೋಡಿ. ಅದರಲ್ಲೂ ಎಂಥ ಮುಖ ಅನ್ನುವುದು ಮುಖ್ಯ. ತರಗತಿಯ ಹುಡುಗಿಯರು ಒಬ್ಬರಿಗೊಬ್ಬರು ಹಚ್ಚಿಕೊಂಡರೆ ಎಲ್ಲಾ ಇಪ್ಪತ್ತರ ಚರ್ಮ, ಎಲ್ಲಾ ನುಣುಪು. ಹೊರಗೆ ಬಂದರೆ ಅರವತ್ತು ದಾಟಿದ ಕೆನ್ನೆ ಇದೆ, ಮೊಡವೆಯ ಗುಳಿ ಇದೆ, ರೆಪ್ಪೆ ಇಳಿದು ಐಲೈನರ್ ಹಾಕುವುದಕ್ಕೇ ಜಾಗ ಇಲ್ಲದ ಕಣ್ಣಿದೆ. ಕನ್ನಡಕದವರೂ ಇರುತ್ತಾರೆ. ಸಮೀಪದ್ದು ಕಾಣದವರ ಕನ್ನಡಕ ಕಣ್ಣನ್ನು ದೊಡ್ಡದು ಮಾಡಿ ತೋರಿಸುತ್ತದೆ, ದೂರದ್ದು ಕಾಣದವರದು ಚಿಕ್ಕದು ಮಾಡುತ್ತದೆ. ಒಂದೇ ಐಲೈನರ್ ಎರಡರ ಹಿಂದೆ ಬೇರೆಬೇರೆ ಕಾಣುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಬಣ್ಣದ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುತ್ತದೆ, ಸ್ವಲ್ಪ ಉದ್ದ ಆದರೂ ಹೇಳಿಬಿಡುತ್ತೇನೆ. ಬಹಳ ತರಗತಿಗಳಲ್ಲಿ ಮಾಡೆಲ್ ಆಗಿ ಕರೆಯುವುದು ತೆಳು ಬಣ್ಣದವರನ್ನೇ. ಕಪ್ಪು ಚರ್ಮಕ್ಕೆ ಬೇಸ್ ಹೇಗೆ ಅಂತ ಕೇಳಿದರೆ 'ಒಂದು ಶೇಡ್ ತೆಳು ಬಣ್ಣದ್ದು ಹಾಕಿ' ಅನ್ನುವ ಉತ್ತರ. ಆಮೇಲೆ ನೋಡಿದರೆ ಮುಖ ಬೂದಿ ಬಳಿದ ಹಾಗೆ, ಕುತ್ತಿಗೆ ಬೇರೆಯೇ. ಪುಸ್ತಕಗಳಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅಳತೆ ಅಂತ ಓದುತ್ತೀರಿ, ಆರು ಥರದ ಚರ್ಮ. ಅದು 1975ರಲ್ಲಿ ಒಬ್ಬ ಚರ್ಮವೈದ್ಯರು ನಾಲ್ಕು ಥರದಿಂದ ಶುರು ಮಾಡಿದ್ದು, ಆಮೇಲೆ ಆರಾಯಿತು. ಬಿಸಿಲಿಗೆ ಯಾರ ಚರ್ಮ ಸುಡುತ್ತದೆ, ಯಾರದು ಕಂದುತ್ತದೆ ಅಂತ ತಿಳಿಯುವುದಕ್ಕೆ. ಫೌಂಡೇಶನ್ ಆರಿಸುವುದಕ್ಕೆ ಅಲ್ಲ. 2022ರಲ್ಲಿ ಗೂಗಲ್‌ನವರು ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ಜೊತೆ ಸೇರಿ ಹತ್ತು ಬಣ್ಣದ ಇನ್ನೊಂದು ಅಳತೆ ಹೊರತಂದರು. ಗಾಢ ಬಣ್ಣಗಳಿಗೆ ಅದರಲ್ಲಿ ಜಾಗ ಜಾಸ್ತಿ. ಆದರೂ ಯಾವ ಅಳತೆಯೂ ನಿಮ್ಮ ಕಣ್ಣಿನ ಕೆಲಸ ಮಾಡಿಕೊಡುವುದಿಲ್ಲ. ಒಂದೇ ಗಾಢತೆಯ ಎರಡು ಮುಖದಲ್ಲಿ ಒಂದು ಹಳದಿಗೆ ತಿರುಗಿರುತ್ತದೆ, ಇನ್ನೊಂದು ಕೆಂಪಿಗೆ. ಶೇಡನ್ನು ಕೈ ಮೇಲೆ ಹಚ್ಚಿ ನೋಡುವುದು ಬಿಡಿ. ದವಡೆಯಿಂದ ಕುತ್ತಿಗೆಗೆ ಮೂರು ಗೆರೆ ಎಳೆಯಿರಿ, ಕಿಟಕಿಯ ಹತ್ತಿರ ನಿಲ್ಲಿಸಿ, ಎರಡು ನಿಮಿಷ ಬಿಡಿ. ಕೆಲವು ಫೌಂಡೇಶನ್ ಗಾಳಿಗೆ ಆರುತ್ತಾ ಗಾಢವಾಗುತ್ತವೆ. ಯಾವ ಗೆರೆ ಕಾಣದೇ ಹೋಗುತ್ತದೋ ಅದು ಅವರದು. ಶಾಲೆಯವರು ಇದನ್ನು ಗಾಢ ಬಣ್ಣದ ಮುಖದ ಮೇಲೆ ನಿಮ್ಮ ಕೈಯಲ್ಲೇ ಮಾಡಿಸುತ್ತಾರಾ, ಕೇಳಿ.

ಇನ್ನೊಂದು ಚಿಕ್ಕ ಪರೀಕ್ಷೆ. ಮುಗಿದ ಮೇಕಪ್ಪನ್ನು ಫ್ಲ್ಯಾಶ್ ಹಾಕಿ ಫೋಟೋ ತೆಗೆದು ತೋರಿಸುತ್ತಾರಾ? ತರಗತಿಯ ದೀಪದಲ್ಲಿ ಎಲ್ಲರೂ ಸುಂದರಿಯರೇ. ಕಣ್ಣಿನ ಕೆಳಗೆ ಬಿಳಿ ಸಿಲಿಕಾ ಪೌಡರ್ ಜಾಸ್ತಿ ಬಿದ್ದಿದ್ದರೆ ಫ್ಲ್ಯಾಶ್‌ನಲ್ಲಿ ಎರಡು ಬಿಳಿ ಅರ್ಧಚಂದ್ರ ಎದ್ದು ಕಾಣುತ್ತದೆ. ಬರಿಗಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿದರೂ ಅಷ್ಟೇ, ಪೂರ್ತಿ ಮುಖ ಸುಣ್ಣ ಬಳಿದ ಹಾಗೆ ಕಾಣುತ್ತದೆ. ನನಗೆ ಇದು ಗೊತ್ತಾದದ್ದು ಒಬ್ಬ ಮದುಮಗಳ ಆಲ್ಬಂ ಬಂದ ಮೇಲೆ. ಆಕೆಯ ತಾಯಿ ಆಲ್ಬಂ ತೆರೆದು ನನ್ನ ಮುಂದೆ ಇಟ್ಟು ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ವಾಸಿ ಇತ್ತು.

ಆನ್‌ಲೈನ್ ಬಗ್ಗೆ: ಬಣ್ಣದ ಪಾಠ, ಸ್ವಚ್ಛತೆಯ ಪಾಠ, ಮುಖದ ಮೂಳೆಗಳ ಪಾಠ ಮನೆಯಲ್ಲೇ ಕೂತು ಓದಬಹುದು. ರೆಪ್ಪೆಯ ಮೇಲೆ ಎಷ್ಟು ಒತ್ತಿದರೆ ಎದುರಿನವರು ಕಣ್ಣು ಮಿಟುಕಿಸುತ್ತಾರೆ ಅನ್ನುವುದು ಸ್ಕ್ರೀನಿನಿಂದ ಕೈಗೆ ಬರುವುದಿಲ್ಲ. ಲೈಸೆನ್ಸ್ ಕೇಳುವ ಕಡೆ ಆನ್‌ಲೈನ್ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯದು ಒಬ್ಬರ ಕೈಕೆಳಗೆ ಅಸಿಸ್ಟೆಂಟ್ ಆಗಿ ಸೇರಿಕೊಳ್ಳುವುದು. ನಾನು ಎಂಟು ತಿಂಗಳು ಬ್ರಷ್ ತೊಳೆದೆ. ಮನಸ್ಸಿನಲ್ಲೇ ಗುರುಗಳಿಗೆ ಶಾಪ ಹಾಕುತ್ತಾ ತೊಳೆದೆ. ತೊಳೆದ ಬ್ರಷ್ಷನ್ನು ಕೂದಲು ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿದ್ದಕ್ಕೆ ಒಂದು ದಿನ ಸರಿಯಾಗಿ ಬೈಸಿಕೊಂಡೆ. ಹಾಗೆ ನಿಲ್ಲಿಸಿದರೆ ನೀರು ಕೆಳಗಿಳಿದು ಲೋಹದ ಪಟ್ಟಿಯ ಒಳಗಿನ ಅಂಟು ಬಿಡುತ್ತದೆ, ಆಮೇಲೆ ಕ್ಲೈಂಟ್ ಕೆನ್ನೆ ಮೇಲೆಲ್ಲ ಕೂದಲು. ತಲೆಕೆಳಗಾಗಿ ನೇತುಹಾಕಬೇಕು, ಇಲ್ಲವಾದರೆ ಅಡ್ಡ ಮಲಗಿಸಬೇಕು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವ ಬ್ರಷ್ ಯಾವುದಕ್ಕೆ ಅಂತ ಗೊತ್ತಾಗುತ್ತಿತ್ತು.

ಅಂದಹಾಗೆ, ಆರು ತಿಂಗಳಿನ ಕಡೆ ಹೋಗಿ. ಮನೆಯವರಿಗೆ ಈ ಪುಟ ತೋರಿಸಿ.

ಪ್ರಶ್ನೆ: ನಾನು ಗಂಡಸು. ಮೇಕಪ್ ಕಲಿಯುತ್ತೇನೆ ಅಂದರೆ ಗೆಳೆಯರು ನಗುತ್ತಾರೆ. ಇದು ಹೆಂಗಸರ ಕೆಲಸವಂತೆ. ನನಗೆ ಯಾರು ಕೆಲಸ ಕೊಡುತ್ತಾರೆ?

ಉತ್ತರ: ನಿಮ್ಮ ಗೆಳೆಯರಿಗೆ ಒಂದು ಕಥೆ ಹೇಳಿ. ಮುಂಬೈನ ಸಿನಿಮಾ ಉದ್ಯಮದಲ್ಲಿ ದಶಕಗಳ ಕಾಲ ಇದು ಗಂಡಸರದ್ದೇ ಕೆಲಸ ಆಗಿತ್ತು. ಅಲ್ಲಿನ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಮೇಕಪ್ ಕಾರ್ಡನ್ನೇ ಕೊಡುತ್ತಿರಲಿಲ್ಲ. ಹೆಂಗಸರು ಕೂದಲು ಬಾಚಬಹುದು, ಮುಖ ಮುಟ್ಟುವ ಹಾಗಿಲ್ಲ! ಚಾರು ಖುರಾನಾ ಅನ್ನುವವರು ಕ್ಯಾಲಿಫೋರ್ನಿಯಾದ ಸಿನಿಮಾ ಮೇಕಪ್ ಶಾಲೆಯಲ್ಲಿ ಕಲಿತು ಬಂದಿದ್ದರು. ಕೈಯಲ್ಲಿ ವಿದ್ಯೆ ಇತ್ತು, ಸರ್ಟಿಫಿಕೇಟ್ ಇತ್ತು, ಕಾರ್ಡ್ ಮಾತ್ರ ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟ್ ಆ ನಿಯಮವನ್ನು ಕಿತ್ತುಹಾಕಿತು. ಮೊದಲ ಪತ್ರದ ತಂಗಿಗೆ ಸಂಘದ ಕಾರ್ಡ್ ಅಂದೆನಲ್ಲ, ಅದಕ್ಕೆ ಎಷ್ಟು ಬಲ ಇರುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಅವತ್ತು ಹೆಂಗಸರಿಗೆ ಇಲ್ಲ ಅಂದರು, ಇವತ್ತು ನಿಮ್ಮನ್ನು ನೋಡಿ ನಗುತ್ತಾರೆ. ನಿಮಗೆ ಒಂದೇ ಸಲಹೆ. ಕೆಲವು ಹೆಂಗಸರಿಗೆ ಗಂಡಸರು ಮುಖ ಮುಟ್ಟುವುದು ಮುಜುಗರ. ಕೈ ಇಡುವ ಮೊದಲು 'ಈಗ ಗಲ್ಲ ಹಿಡಿದುಕೊಳ್ಳುತ್ತೇನೆ, ಆಗಬಹುದಾ' ಅಂತ ಕೇಳಿ. ಇದು ಹೆಂಗಸರೂ ಕೇಳಬೇಕಾದದ್ದೇ, ನಾವು ಕೇಳುವುದಿಲ್ಲ ಅಷ್ಟೆ.

ಪ್ರಶ್ನೆ: ನನಗೀಗ 46. ಮಕ್ಕಳು ದೊಡ್ಡವರಾದರು. ತಡ ಆಯಿತಾ?

ಉತ್ತರ: ಇಲ್ಲ. ಮೊದಲು ಎತ್ತರದ ಮಡಚುವ ಕುರ್ಚಿ ಕೊಂಡುಕೊಳ್ಳಿ, ಬ್ರಷ್ ಆಮೇಲೆ. ಕ್ಲೈಂಟ್ ಮುಖ ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಬಗ್ಗಿ ಮಾಡಿದರೆ ಇಪ್ಪತ್ತರವರ ಸೊಂಟವೂ ಒಂದೇ ವರ್ಷದಲ್ಲಿ ಹೋಗುತ್ತದೆ. ಸಮೀಪದ್ದು ಓದಲು ಕನ್ನಡಕ ಬಂದಿದ್ದರೆ ಅದನ್ನು ಹಾಕಿಕೊಂಡೇ ಕಲಿಯಿರಿ. ನಾಚಿಕೆಗೆ ತೆಗೆದಿಟ್ಟು ಐಲೈನರ್ ಎಳೆಯಬೇಡಿ.

ಪ್ರಶ್ನೆ: ಮೇಕಪ್ ಜೊತೆಗೆ ಹುಬ್ಬಿಗೆ ಮೈಕ್ರೋಬ್ಲೇಡಿಂಗ್, ರೆಪ್ಪೆಗೆ ಎಕ್ಸ್‌ಟೆನ್ಷನ್ ಮಾಡಿದರೆ ಸಂಪಾದನೆ ಜಾಸ್ತಿ ಅಂತಾರೆ. ಎರಡು ದಿನದ ಕ್ಲಾಸ್ ಇದೆ. ಸೇರಲಾ?

ಉತ್ತರ: ಬೇಡ. ಎರಡು ದಿನಕ್ಕೆ ಖಂಡಿತ ಬೇಡ. ಮೇಕಪ್ ಚರ್ಮದ ಮೇಲೆ ಕೂರುತ್ತದೆ, ಸಂಜೆ ತೊಳೆದರೆ ಹೋಯಿತು. ಮೈಕ್ರೋಬ್ಲೇಡಿಂಗ್ ಚರ್ಮವನ್ನು ಕೊಯ್ದು ಬಣ್ಣ ತುಂಬುವುದು. ರಕ್ತ ಬರುತ್ತದೆ. ರಕ್ತ ಅಂದಮೇಲೆ ಹೆಪಟೈಟಿಸ್ ಬಿ ಥರದ ಸೋಂಕಿನ ಮಾತೂ ಬಂತು. ಬಹಳ ಕಡೆ ಇದನ್ನು ಹಚ್ಚೆಯ ಕಾನೂನಿನ ಕೆಳಗೆ ಇಟ್ಟಿದ್ದಾರೆ, ಮೇಕಪ್ ಲೈಸೆನ್ಸ್ ಇದಕ್ಕೆ ಸಾಲದು. ರೆಪ್ಪೆ ಎಕ್ಸ್‌ಟೆನ್ಷನ್‌ಗೆ, ಅಂದರೆ ರೆಪ್ಪೆಗೂದಲಿಗೆ ಕೃತಕ ಕೂದಲು ಸೇರಿಸುವುದಕ್ಕೆ, ಹಾಕುವ ಅಂಟು ಸೈನೋಅಕ್ರಿಲೇಟ್. ಮನೆಯಲ್ಲಿ ಮುರಿದ ಕಪ್ಪಿನ ಹಿಡಿ ಅಂಟಿಸುವ ಗಮ್ ಇದೆಯಲ್ಲ, ಅದೇ ಬಳಗದ್ದು. ಅದನ್ನು ಕಣ್ಣುಗುಡ್ಡೆಯಿಂದ ಕೂದಲೆಳೆ ದೂರದಲ್ಲಿ ಇಡುತ್ತೀರಿ. ಮೊದಲು ಮೇಕಪ್‌ನಲ್ಲಿ ಕೈ ನಡುಗುವುದು ನಿಲ್ಲಲಿ.

ಪ್ರಶ್ನೆ: ನಾನು ಇತ್ತೀಚೆಗಷ್ಟೇ ಸ್ವಂತ ಕೆಲಸ ಶುರು ಮಾಡಿದ್ದೇನೆ. ಕ್ಲೈಂಟ್‌ಗೆ ಅಲರ್ಜಿ ಆದರೆ ಹೊಣೆ ಯಾರು? ನಾನಾ, ಕ್ರೀಮಿನ ಕಂಪನಿಯಾ?

ಉತ್ತರ: ಕಾನೂನಿನಲ್ಲಿ ಯಾರು ಅನ್ನುವುದು ಆಯಾ ದೇಶದ ಮಾತು. ಅವರು ಫೋನ್ ಮಾಡುವುದು ಮಾತ್ರ ನಿಮಗೇ. ಅದಕ್ಕೇ ವಿಮೆ ಮಾಡಿಸಿ. ಕೆಲವು ಕಡೆ ಅದಿಲ್ಲದೆ ಕೆಲಸಕ್ಕೇ ಕರೆಯುವುದಿಲ್ಲ. ಹೊಸ ಸಾಮಾನು ಬಳಸುವುದಾದರೆ 24ರಿಂದ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ನೋಡಿ. ಡಬ್ಬಿ ಹಿಂದೆ ತೆರೆದ ಮುಚ್ಚಳದ ಚಿಕ್ಕ ಚಿತ್ರ, ಅದರೊಳಗೆ 6 ಅಥವಾ 12 ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಬಳಸಬಹುದು ಅಂತ ಅರ್ಥ. ತೆರೆದ ದಿನವೇ ಪೆನ್ನಿನಲ್ಲಿ ತಾರೀಕು ಬರೆದುಬಿಡಿ. ಮಸ್ಕಾರಾಗೆ ಮೂರು ತಿಂಗಳು ಸಾಕು.

ಪ್ರತಿ ಕ್ಲೈಂಟ್‌ಗೆ ಒಂದು ಕಾರ್ಡ್ ಇಡಿ. ಏನು ಹಚ್ಚಿದಿರಿ, ಯಾವ ಶೇಡ್, ಏನು ಆಗಿಬರುವುದಿಲ್ಲ, ಎಲ್ಲ ಅದರಲ್ಲಿರಲಿ. ನನಗೆ ಈ ಅಭ್ಯಾಸ ಬಂದದ್ದು ನಾಲ್ಕನೇ ವರ್ಷ. ಒಬ್ಬ ಹುಡುಗಿಗೆ ಕೃತಕ ರೆಪ್ಪೆ ಅಂಟಿಸಿದೆ. ಹತ್ತು ನಿಮಿಷದಲ್ಲಿ ಎರಡೂ ರೆಪ್ಪೆ ಊದಿ ಕಣ್ಣು ಬರೀ ಗೀರಾಗಿಬಿಟ್ಟಿತು. ಅಂಟಿನಲ್ಲಿ ಲೇಟೆಕ್ಸ್ (ರಬ್ಬರ್ ಮರದ ಹಾಲು) ಇತ್ತು, ಅವಳಿಗೆ ಲೇಟೆಕ್ಸ್ ಆಗುತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳಿದ್ದರೂ 'ಲೇಟೆಕ್ಸ್ ಅಲರ್ಜಿ ಇದೆಯಾ' ಅಂದರೆ ಅವಳಿಗೆ ಗೊತ್ತಿರುತ್ತಿರಲಿಲ್ಲ. ಎಲ್ಲ ತೆಗೆದು, ತಣ್ಣೀರಿನಲ್ಲಿ ತೊಳೆದು, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಅವಳನ್ನು ಕೇಳಿದ ಪ್ರಶ್ನೆಯನ್ನೇ ಈಗ ನಾನು ಎಲ್ಲರನ್ನೂ ಕೇಳುತ್ತೇನೆ. ಬಲೂನ್ ಊದಿದರೆ ತುಟಿ ತುರಿಸುತ್ತದಾ?

ಹೌದು ಅಂದವರ ಕಾರ್ಡಿನ ಮೇಲೆ ಒಂದು ಬಲೂನ್ ಚಿತ್ರ ಬರೆದಿಡುತ್ತೇನೆ. ಈಗ ಅಂಥವು ಹನ್ನೊಂದು ಇವೆ. ಮೊದಲನೆಯದು ಆ ಹುಡುಗಿಯದೇ. ಒಂದು ವರ್ಷ ಬಿಟ್ಟು ತನ್ನ ತಂಗಿಯ ಮದುವೆಗೆ ಮೇಕಪ್ ಮಾಡಿ ಅಂತ ಫೋನ್ ಮಾಡಿದ್ದಳು. "ಮೇಡಂ, ಅವಳಿಗೂ ಬಲೂನ್ ಆಗಲ್ಲ" ಅಂತ ಮೊದಲೇ ಹೇಳಿದಳು.